ಗಡಿಗೆ ಈರಕ್ಕನ ಕೋಳಿಗಳು

೧೯೭೩ನೆಯ ಇಸವಿ ಜುಲೈ ೧೪, ಶನಿವಾರ. ನಾನು ಬಿ.ಎ. ಮುಗಿಸಿ ಊರಿಗೆ ಬಂದ ವರ್ಷದ ದಿನಚರಿಯಲ್ಲಿ ಹೀಗೆ ಬರೆದಿದ್ದೇನೆ: "ಇಂದು ಸೋದರತ್ತೆ ಗಡಿಗೆ ಈರಕ್ಕನ ಕಥೆ ಹೇಳಿದರು. ಒಂದು ಮಾತೂ ಬಿಡದೆ ಬರೆದುಕೊಂಡೆ." ಅದನ್ನೇ ಹೇಳುತ್ತೇನೆ, ಕೇಳಿ ಮಕ್ಕಳೇ.

ಬಹಳ ಹಿಂದೆ, ಬಂಡೆ ಮತ್ತು ಜಾಲಿಯ ನಡುವೆ ಒಂದು ಊರಿತ್ತು. ಎಷ್ಟು ಹಿಂದೆ ಎಂದರೆ, ಅಲ್ಲಿನ ಬಂಡೆಗಳು ಇನ್ನೂ ಮೆತ್ತಗಿದ್ದವಂತೆ. ಆ ಊರಲ್ಲಿ ಹೊಲ ಗಂಡಸರದು, ಎತ್ತು ಗಂಡಸರದು, ಮನೆಯೂ ಗಂಡಸರದು. ಕೋಳಿ ಮಾತ್ರ ಹೆಂಗಸರದು. ಈರಕ್ಕನೆಂಬ ಸೊಸೆಗೆ ತವರಿನಿಂದ ಬಂದ ಒಂದು ಹೇಂಟೆ, ಅದರ ಹನ್ನೊಂದು ಮರಿ ಇದ್ದವಂತೆ. ಈ ಲೋಕದಲ್ಲಿ ಅವಳದು ಎನ್ನುವುದು ಅಷ್ಟೇ.

ಒಂದು ವರ್ಷ ರಾಗಿ ತುಂಬಿಡುವ ಮಣ್ಣಿನ ವಾಡೆಯ ತಳ ಕಂಡಿತು.

"ಮಂಗಳವಾರದೊಳಗೆ ಕೋಳಿ ಕೊಯ್ದು ಸಾರು ಮಾಡು. ಮನುಷ್ಯರಿಗೇ ಕಾಳಿಲ್ಲ" ಅಂದಳು ಅತ್ತೆ.

"ಕಾಳು ಮುಟ್ಟದೆ ಸಾಕಿದರೆ, ಅತ್ತೆಮ್ಮ?"

"ಗಾಳಿ ಮೇಯಿಸ್ತೀಯೇನೇ? ಸಾಕಿ ತೋರಿಸು, ನೋಡಾನ!"

ಈರಕ್ಕ ಮಧ್ಯಾಹ್ನ ತಿಪ್ಪೆ ಪಕ್ಕದ ಹೊಂಗೆ ನೆರಳಲ್ಲಿ ಮಲಗಿದಳಂತೆ. ಕಿವಿ ನೆಲಕ್ಕೆ ತಾಗಿತ್ತು. ನೆಲದೊಳಗೆ ಸಣ್ಣಗೆ, ಒಣಗಿದ ಎಲೆಯ ಮೇಲೆ ತುಂತುರು ಬಿದ್ದಂಥ ಸದ್ದು. ಅದು ನಿದ್ದೆಯೋ ಎಚ್ಚರವೋ ಅವಳಿಗೇ ತಿಳಿಯಲಿಲ್ಲವಂತೆ. ಸದ್ದಿನ ಹಿಂದೆ ಕೈ ಹೋಯಿತು. ಸಗಣಿ, ಹುಲ್ಲು ಮೆತ್ತಿಕೊಂಡು ಬೋರಲು ಬಿದ್ದಿದ್ದ ಒಡಕು ಗಡಿಗೆ ಸಿಕ್ಕಿತು. ಎತ್ತಿ ನೋಡಿದರೆ ಒಳಗೆಲ್ಲ ಗೆದ್ದಲು, ನೆನೆದ ಅಕ್ಕಿಯಂತೆ ಬೆಳ್ಳಗೆ. ಮರಿಗಳು ಓಡಿ ಬಂದವು.

ಊರಲ್ಲಿ ಹುತ್ತಕ್ಕೆ ಹಾಲೆರೆಯುತ್ತಾರೆ, ಗುದ್ದಲಿ ಇಡುವುದಿಲ್ಲ. ಈರಕ್ಕನೂ ಇಡಲಿಲ್ಲ. ಹುತ್ತದಿಂದ ಒಂದು ಕೂಗಳತೆ ದೂರದಲ್ಲಿ, ಹಸಿ ಸಗಣಿ, ರಾಗಿ ಹುಲ್ಲು ತುಂಬಿದ ಗಡಿಗೆ ಬೋರಲು ಹಾಕಿದಳು. ಸಂಜೆ ಹಾಕುವುದು, ಬೆಳಿಗ್ಗೆ ಎತ್ತುವುದು. ಗೆದ್ದಲು ತಾವಾಗಿಯೇ ನಡೆದು ಬಂದವು.

"ಊಟಕ್ಕೆ ಕರೆದು, ಉಂಡೋರನ್ನೇ ಉಣಬಡಿಸ್ತೀಯಲ್ಲೇ!" ಎಂದು ಅತ್ತೆ ಗಲ್ಲ ಬಡಿದುಕೊಂಡಳಂತೆ.

"ಕರೆದಿದ್ದು ನಾನು. ಪಾಪ ನನಗಿರಲಿ, ಮೊಟ್ಟೆ ನಿಮಗಿರಲಿ" ಅಂದಳಂತೆ ಈರಕ್ಕ.

ಮಂಗಳವಾರ ಬಂತು, ಹೋಯಿತು. ಕೋಳಿಗಳು ಉಳಿದವು. ಆಮೇಲೆ ಅವಳು ಗಡಿಗೆಯ ಬುಡ ತಟ್ಟಿದರೆ ಮೂರು ಊರಿನ ನೆಲ ಗುಂಯ್‌ಗುಟ್ಟುತ್ತಿತ್ತಂತೆ. ಅವಳ ಕೋಳಿಯ ಮೊಟ್ಟೆ ಒಡೆದರೆ ಕತ್ತಲ ಅಡುಗೆಮನೆ ಬೆಳಗುತ್ತಿತ್ತಂತೆ. ಕೇಳಿದ ಹೆಂಗಸರಿಗೆಲ್ಲ ಒಂದು ಮರಿ, ಒಂದು ಗಡಿಗೆ ಕೊಟ್ಟಳಂತೆ.

ಒಂದು ಜಡಿಮಳೆಯಲ್ಲಿ ಮಾತ್ರ ಎಡವಿದಳು. ಗಡಿಗೆ ನೆನೆಯಬಾರದೆಂದು ಗೋಡೆಗೆ ಒತ್ತಿ, ಸೂರಿನಡಿ ಇಟ್ಟಳು. ಮಳೆ ಹನ್ನೆರಡು ದಿನ ಬಿಡಲಿಲ್ಲ. ಕರೆಸಿಕೊಂಡವರು ಬಂದರು, ಗಡಿಗೆ ಮುಗಿಸಿದರು, ಗೋಡೆ ಹತ್ತಿ ತೊಲೆಗೆ ಬಾಯಿ ಹಾಕಿದರು. ದೀಪಾವಳಿಯ ಹೊತ್ತಿಗೆ ಮಾಳಿಗೆ ಕುಸಿಯಿತು. ಅತ್ತೆ, ಸೊಸೆ ಆಗ ಅಂಗಳದಲ್ಲಿ ಕಾವಿಗೆ ಮೊಟ್ಟೆ ಆರಿಸುತ್ತಿದ್ದರಂತೆ.

ಕೋಳಿ ಮಾರಿ ಮನೆ ಎಬ್ಬಿಸೋಣ ಎಂದು ಈರಕ್ಕನ ಗಂಡ ಹಟ ಹಿಡಿದ. ಈರಕ್ಕ ಬಾಯಿ ತೆರೆಯುವ ಮೊದಲೇ ಅತ್ತೆ ಅಂದಳಂತೆ: "ಮನೆ ನಿಂದು ಕಣಪ್ಪ, ನೀನೇ ಕಟ್ಟಿಕೋ. ಕೋಳಿ ನಮ್ಮವು."

ಇವತ್ತಿಗೂ ನಮ್ಮ ಕಡೆ ಹೆಣ್ಣು ಗಂಡನ ಮನೆಗೆ ಹೊರಟಾಗ ಒಂದು ಹೇಂಟೆ, ಒಂದು ಒಡಕು ಗಡಿಗೆ ಕೊಡುತ್ತೇವೆ. "ಗೋಡೆಯಿಂದ ಇಪ್ಪತ್ತು ಹೆಜ್ಜೆ" ಎಂದು ಕಿವಿಯಲ್ಲಿ ಹೇಳುತ್ತೇವೆ.

ಈರಕ್ಕನ ಮನೆಯಲ್ಲಿ ಹೋದದ್ದು ಇಷ್ಟು: ಎರಡು ತೊಲೆ, ಹದಿನಾಲ್ಕು ಜಂತೆ, ಒಂದು ಹೊಸ್ತಿಲು, ಒಂದು ತೊಟ್ಟಿಲು. ಕೋಳಿ ಒಂದೂ ಹೋಗಲಿಲ್ಲ.