ಬೀರುವಿನ ಕನ್ನಡಿ

ಹೊಳೆದಂಡೆಯಲ್ಲಿ ಎರಡು ಸಿನಿಮಾಗಳ ಶೂಟಿಂಗ್ ನಡೆದಿತ್ತು. ಒಂದು ಕಡೆ ದೊಡ್ಡ ಕಂಪನಿಯ ಭಾರೀ ಲೈಟು ನಾಯಕನ ಕುರ್ಚಿಯ ಮೇಲೆ ಬೆಳಕು ಸುರಿಯುತ್ತಿತ್ತು. ಇನ್ನೊಂದು ಕಡೆ ಶಶಿಕಲಾ ತನ್ನ ತಾಯಿ ದ್ಯಾಮವ್ವನನ್ನೇ ನಾಯಕಿ ಮಾಡಿ, ಮನೆಯ ಬೀರುವಿನಿಂದ ಬಿಚ್ಚಿ ತಂದ ಕನ್ನಡಿಯಿಂದ ಆಕೆಯ ಮುಖಕ್ಕೆ ಬಿಸಿಲು ಹಾಯಿಸುತ್ತಿದ್ದಳು.

“ನನ್ನ ಹಿಂದೆ ಜನರೇಟರ್ ಲಾರಿಯಿದೆ, ಆಳುಕಾಳುಗಳಿದ್ದಾರೆ. ನಿನ್ನ ಹಿಂದೆ ಯಾರಿದ್ದಾರೆ?” ಎಂದಿತು ಲೈಟು.

“ಹಿಂದೆ ಯಾರೂ ಇಲ್ಲ. ಎದುರಿಗೆ ಸೂರ್ಯನಿದ್ದಾನೆ,” ಎಂದಿತು ಕನ್ನಡಿ.

ಅಷ್ಟರಲ್ಲಿ ಮೋಡ ಕವಿದು ಕನ್ನಡಿ ಮಂಕಾಯಿತು. ಕೊನೆಯ ದೃಶ್ಯ ಬಾಕಿಯಿತ್ತು. ಬಾಡಿಗೆ ಕ್ಯಾಮೆರಾ ಮರುದಿನವೇ ವಾಪಸ್ ಹೋಗಬೇಕಿತ್ತು.

ಲೈಟು ನಕ್ಕಿತು. “ಕೇಳಿಕೋ, ಒಂದು ಬೊಗಸೆ ಬೆಳಕು ಕೊಡುತ್ತೇನೆ.”

“ಬೇಡ. ನಮಗೆ ಕಾಯಲು ಬರುತ್ತದೆ.”

ಮುಳುಗುವ ಮುನ್ನ ಸೂರ್ಯ ಮೋಡದಡಿಯಿಂದ ಇಣುಕಿದ. ದಿನಾ ತನ್ನೆದುರು ತಲೆ ಬಾಚಿಕೊಳ್ಳುತ್ತಿದ್ದ ದ್ಯಾಮವ್ವನ ಮುಖದ ಒಂದೊಂದು ಗೆರೆಯೂ ಕನ್ನಡಿಗೆ ಗೊತ್ತಿತ್ತು. ಬೆಳಕನ್ನು ಹಿಡಿದು ಅಲ್ಲಿಗೇ ಮುಟ್ಟಿಸಿತು. ದ್ಯಾಮವ್ವ ತಲೆಯೆತ್ತಿದಳು. “ಸಿಕ್ಕಿತವ್ವಾ!” ಎಂದು ಶಶಿಕಲಾ ಕೂಗಿದಳು.

“ಇಷ್ಟೇನಾ? ನಾನು ಬೆಳಗಿನತನಕ ಉರಿಯಬಲ್ಲೆ,” ಎಂದಿತು ಲೈಟು.

“ಉರಿಯಪ್ಪಾ. ಆದರೆ ಯಾರ ಮುಖಕ್ಕೆ?”

ಆಗ ಲೈಟು ಎದುರಿಗೆ ನೋಡಿತು. ನಾಯಕ ಬಂದೇ ಇರಲಿಲ್ಲ. ಅದು ಇಡೀ ದಿನ ಬೆಳಗಿದ್ದು ಖಾಲಿ ಕುರ್ಚಿಯನ್ನು.