ಹಾಲಪ್ಪನ ಇಸ್ತ್ರಿ ಇಂಗ್ಲಿಷ್
"ದೊಡ್ಡೋರ ಮುಂದೆ ಜಾಸ್ತಿ ಮಾತಾಡಬ್ಯಾಡಿ, ಒಂದು ಮಾತು ಸಾಕು." ಇಸ್ತ್ರಿ ಹಾಲಪ್ಪನಿಗೆ ಹೆಂಡತಿ ಕೊನೆಗೆ ಹೇಳಿದ್ದು ಇಷ್ಟೇ.

ಅವಳು ತೀರಿಹೋದ ಒಂದು ತಿಂಗಳಿಗೆ, ಗೇಟಿನ ಪಕ್ಕದ ಅವನ ಇಸ್ತ್ರಿ ಗಾಡಿಯ ಬಳಿಗೆ ಅಪಾರ್ಟ್‌ಮೆಂಟಿನ ಸೆಕ್ರೆಟರಿ ಇಸ್ತ್ರಿಗೆ ಜುಬ್ಬ ಹಿಡಿದು ಬಂದ. ಗೇಟಿನ ಹತ್ತಿರ ಎಲ್ಲರೂ ಇಂಗ್ಲಿಷೇ ಆಡಬೇಕು, ಇಲ್ಲದಿದ್ದರೆ ಗಾಡಿ ಎತ್ತಬೇಕು ಅಂದ.

ಹಾಲಪ್ಪ ಸೆಕ್ರೆಟರಿಯ ರೇಷ್ಮೆ ಜುಬ್ಬದ ಮೇಲೆ ಒದ್ದೆ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆ ಇಟ್ಟ.

"ವಾಟ್ ಈಸ್ ದಿಸ್?" ಸೆಕ್ರೆಟರಿ ಪೆಟ್ಟಿಗೆ ತೋರಿಸಿದ.

"ಐರನ್."

"ವಾಟ್ ಯು ಡೂ?"

"ಐರನ್."

"ವಾಟ್ ಟೈಪ್ ಬಾಕ್ಸ್?"

"ಐರನ್."

ಹೆಸರಿಗೂ ಅದೇ, ಕೆಲಸಕ್ಕೂ ಅದೇ, ಕಬ್ಬಿಣಕ್ಕೂ ಅದೇ! ತಪ್ಪು ಸಿಗದೆ ಸೆಕ್ರೆಟರಿ ಹಲ್ಲು ಕಡಿದ. ಹಾಲಪ್ಪ ಪೆಟ್ಟಿಗೆ ಒತ್ತಿದ. ಬುಸ್ಸೆಂದು ಹಬೆ ಎದ್ದಿತು.

"ಅಯ್ಯಯ್ಯೋ, ನನ್ ಜುಬ್ಬ ಸುಟ್ಟೋಯ್ತು! ಎತ್ತೋ ಮಾರಾಯಾ!"

ಹಾಲಪ್ಪ ನಿಧಾನವಾಗಿ ಎತ್ತಿದ. ಜುಬ್ಬ ಮಿರಮಿರ ಮಿಂಚುತ್ತಿತ್ತು.

"ಇಂಗ್ಲಿಷ್ ಆಡದೋರು ಜಾಗ ಬಿಡಬೇಕಲ್ವಾ, ಸಾರ್?"

ಬಾಲ್ಕನಿಗಳೆಲ್ಲ ಗೊಳ್ಳೆಂದವು. ಸೆಕ್ರೆಟರಿ ಜುಬ್ಬ ಕಸಿದುಕೊಂಡು ಓಡಿದ.

ಮರುದಿನ ಬೆಳಿಗ್ಗೆ ಹಾಲಪ್ಪ ಗಾಡಿಯನ್ನು ಗೇಟಿಗೆ ಇನ್ನೊಂದು ಮಾರು ಹತ್ತಿರ ನಿಲ್ಲಿಸಿದ.