ದ್ಯಾವೀರಮ್ಮನ ಹೊನಗೊನೆ ಸೊಪ್ಪು

ಒಂದಾನೊಂದು ಕಾಲದಲ್ಲಿ, ವರ್ಷ ವರ್ಷವೂ ಕೆರೆ ಕೋಡಿ ಬೀಳುತ್ತಿದ್ದ ಕಾಲದಲ್ಲಿ, ದ್ಯಾವೀರಮ್ಮ ಅಂತ ಒಬ್ಬ ಮುದುಕಿ ಇದ್ದಳಂತೆ ಮಗಾ. ಅವಳಿಗೆ ತಾಯಿಯಿಲ್ಲದ ಮೊಮ್ಮಗಳು ನಿಂಗಿ. ಹೊಲ ಇಲ್ಲ, ಹಸು ಇಲ್ಲ. ಕೆರೆ ಏರಿ ಮೇಲೆ ತಾನಾಗಿ ಹಬ್ಬಿದ ಹೊನಗೊನೆ ಸೊಪ್ಪು ತಂದು, ಬೇಯಿಸಿ ಬಸಿದು, ಆ ನೀರಿಗೆ ಖಾರ ಅರೆದು ಹಾಕಿ ಬಸ್ಸಾರು ಮಾಡಿ, ಮೊಮ್ಮಗಳಿಗೆ ಮುದ್ದೆ ಉಣ್ಣಿಸುತ್ತಿದ್ದಳಂತೆ. ಕುಡಿ ಮಾತ್ರ ಚಿವುಟಬೇಕು, ಬೇರು ಕಿತ್ತರೆ ಹಿಂದೆ ಬರುವವರು ಉಣ್ಣುವ ಗಂಗಳಕ್ಕೆ ಕೈ ಹಾಕಿದ ಹಾಗೆ. ಅದು ಆ ಊರಿನ ಕಟ್ಟಳೆ.

ಆಮೇಲೆ ಆ ಸೀಮೆಯ ಪಾಳೇಗಾರನಿಗೆ ಕಣ್ಣು ಮಂಜಾಯಿತಂತೆ. ಅವನಿಗೆ ಮದ್ದು ಕೊಡೋ ಪಂಡಿತ ಬಂದು, ಹೊನಗೊನೆ ತಿಂದರೆ ಹದ್ದಿನ ಕಣ್ಣಾಗುತ್ತೆ ಅಂದ. ಮಾರನೇ ದಿನ ಕೂದಲಿಗೂ ಒಳ್ಳೇದು ಅಂದ. ಮೂರನೇ ದಿನ ಮುಪ್ಪೇ ಬರಲ್ಲ ಅಂದುಬಿಟ್ಟ. ಸರಿ, ಏರಿಗೆ ಕಾವಲು ಬಿತ್ತು, ಆಳುಗಳು ಸೊಪ್ಪನ್ನು ಬೇರುಸಮೇತ ಕಿತ್ತು ಗಾಡಿಗೆ ತುಂಬಿದರಂತೆ. ನಿಂಗಿ ಪಾಪ, ಬರೀ ಉಪ್ಪು ನೆಂಚಿಕೊಂಡು ಮುದ್ದೆ ನುಂಗಿದಳಂತೆ.

ಆಮೇಲೆ ದ್ಯಾವೀರಮ್ಮ ಸೆರಗು ಬಿಗಿದು ಪಾಳೇಗಾರನ ಚಾವಡಿಗೇ ಹೋದಳಂತೆ. ಏರಿ ಬಿಟ್ಟುಕೊಡಿ ಬುದ್ಧಿ, ಕೂಸು ಉಪ್ಪು ನೆಕ್ಕುತಾ ಇದೆ ಅಂದಳು. ಪಂಡಿತ ಎದ್ದು ನಿಂತು, ಇವಳೇ ಸಾಕ್ಷಿ ದೊರೆ, ಎಪ್ಪತ್ತಾದರೂ ಸೂಜಿಗೆ ದಾರ ಪೋಣಿಸ್ತಾಳೆ, ಕೇಳಿ ಅಂದನಂತೆ.

ಪಾಳೇಗಾರ, ಸೊಪ್ಪು ಕಣ್ಣಿಗೆ ಮದ್ದು ಹೌದು ಅನ್ನು ಅಜ್ಜಿ, ಗದ್ದೆ ಕೊಡ್ತೀನಿ ಅಂದ. ಗೊತ್ತಿಲ್ಲ ಬುದ್ಧಿ ಅಂದಳು. ಹಾಗಾದರೆ ಮದ್ದಲ್ಲ ಅನ್ನು, ಈಗಲೇ ಏರಿ ಬಿಡ್ತೀನಿ ಅಂದ. ಅವಳು ಅಲ್ಲ ಅಂದಿದ್ದರೆ ಸಾಕಿತ್ತು, ಏರಿ ಸಿಕ್ಕಿಬಿಡುತ್ತಿತ್ತು. ನಿಂಗಿಯ ಬಾಡಿದ ಮೋರೆ ನೆನಪಾಯಿತು. ಆದರೂ ಗೊತ್ತಿಲ್ಲ ಅಂದಳಂತೆ. ಮೂರನೇ ಸಲ ಪಾಳೇಗಾರ ಕಿಡಿಕಿಡಿಯಾಗಿ, ಹೌದೋ ಅಲ್ಲವೋ ಹೇಳು, ಇಲ್ಲಾಂದ್ರೆ ಊರು ಬಿಡು ಅಂದ.

ಆಗ ಅವಳು ಹೇಳಿದಳಂತೆ: ನಾನೂ ನಮ್ಮಕ್ಕನೂ ಒಂದೇ ಗಡಿಗೆಯ ಸೊಪ್ಪು ತಿಂದು ಬೆಳೆದವರು ಬುದ್ಧಿ. ನಾನು ಸೂಜಿ ಪೋಣಿಸ್ತೀನಿ, ಅವಳು ಬಾಗಿಲು ಅಂತ ಗೋಡೆಗೆ ಹಾಯ್ತಾಳೆ. ಇಬ್ಬರಲ್ಲಿ ಯಾರ ಕಣ್ಣು ಸಾಕ್ಷಿ? ಬಾಯಿಗೆ ರುಚಿ, ಹೊಟ್ಟೆಗೆ ಹಿತ, ಅಷ್ಟು ಬಲ್ಲೆ. ಕಣ್ಣಿಗೂ ಒಳ್ಳೇದಿರಬಹುದು, ಯಾರೂ ಕೂತು ನೋಡಿಲ್ಲ.

ಆಮೇಲೆ ಪಾಳೇಗಾರ ಹೊಟ್ಟೆ ಹಿಡಿದುಕೊಂಡು ನಕ್ಕು, ಪಂಡಿತರೇ, ಜನ್ಮದಲ್ಲಿ ಒಂದು ಸಲವಾದರೂ ಗೊತ್ತಿಲ್ಲ ಅಂದಿದ್ದೀರಾ? ಸೊಪ್ಪು ತಿನ್ನುವ ಇಪ್ಪತ್ತು ಜನ, ತಿನ್ನದ ಇಪ್ಪತ್ತು ಜನ, ಎರಡೂ ಗುಂಪನ್ನು ವರ್ಷಗಟ್ಟಲೆ ನೋಡಿ, ಆಮೇಲೆ ಬಾಯಿ ಬಿಡಿ ಅಂದನಂತೆ. ಕಾವಲು ಎದ್ದಿತು. ಕಿತ್ತ ಆಳುಗಳೇ ಬೇರನ್ನು ತಿರುಗಿ ನೆಟ್ಟರಂತೆ.

ಅವನ ಕಣ್ಣು ವಾಸಿಯಾಯ್ತಾ ಅಂದೆಯಾ? ಪಂಡಿತ ಇನ್ನೂ ನೋಡ್ತಾನೇ ಇದ್ದಾನಂತೆ. ನಿಂಗಿ ಮಾತ್ರ ಬಸ್ಸಾರಲ್ಲಿ ಎರಡು ಮುದ್ದೆ ಉಂಡು, ತೇಗಿ, ಅಜ್ಜಿಯ ತೊಡೆ ಮೇಲೆ ನಿದ್ದೆ ಹೋದಳಂತೆ. ಅವಳ ರೆಪ್ಪೆ ಮುಚ್ಚಿತು, ನಿನ್ನದೂ ಮುಚ್ಚುತಾ ಇದೆ, ಅಲ್ಲಿಗೆ ಈ ಕತೆ ಮುಗೀತು.